ತುಕ್ಕಿನ ಮೇಷ್ಟ್ರು

ಪ್ರೌಢಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರಿಗೆ ಲೋಕವೆಂದರೆ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ, ಅಷ್ಟೇ. ಕಳೆದುಕೊಂಡರೆ ಉತ್ಕರ್ಷಣ, ಪಡೆದುಕೊಂಡರೆ ಅಪಕರ್ಷಣ. ಒಂದು ನಡೆದಲ್ಲಿ ಇನ್ನೊಂದು ನಡೆಯಲೇಬೇಕು. ನೆಂಟರ ಮನೆಯಲ್ಲಿ ಹೆಚ್ಚಿಟ್ಟ ಸೇಬು ಕಂಡರೆ ಸಾಕು, ಅದು ಏಕೆ ಕಂದುತ್ತದೆಂದು ಶುರುಮಾಡಿ, ತಟ್ಟೆಯಷ್ಟೂ ಕಂದಿದ ಮೇಲೆ "ನೋಡಿದ್ರಾ, ನಾನು ಹೇಳ್ಲಿಲ್ವಾ" ಎಂದು ಗೆದ್ದ ಮುಖ ಮಾಡುತ್ತಾರೆ. ಆ ಸೇಬನ್ನು ಯಾರೂ ಮುಟ್ಟುವುದಿಲ್ಲ. ತರಗತಿಯಲ್ಲಿ ತಾಮ್ರದ ಸಲ್ಫೇಟಿನ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಬಿಡುವಾಗ ದಂಡಯಾತ್ರೆಗೆ ಹೊರಟ ಸೇನಾಪತಿಯ ಗತ್ತು. ಮೊಳೆಗೆ ತಾಮ್ರ ಹತ್ತಿತೆಂದರೆ ಕೋಟೆ ಗೆದ್ದಂತೆಯೇ. ಯಾರಾದರೂ "ಸಾರ್, ಇನ್ನೊಂದ್ಸಲ" ಎಂದರೆ ಅವರ ಕಥೆ ಮುಗಿಯಿತು: "ಕಿವಿ ಮನೇಲಿ ಬಿಟ್ಟು ಬಂದಿದ್ಯೇನಪ್ಪ? ನಾನು ಹೇಳೋದು ಒಂದೇ ಸಲ." ಇಂಥವರ ಮನೆಯ ಗೇಟೇ ತುಕ್ಕು ಹಿಡಿದು ಉದುರುತ್ತಿರುವುದು ಬೀದಿಗೆಲ್ಲ ನಗೆಪಾಟಲು. "ಊರಿಗೆಲ್ಲ ತುಕ್ಕಿನ ಪಾಠ ಮಾಡ್ತೀರಿ, ಒಂದು ಡಬ್ಬಿ ಬಣ್ಣ ತರೋಕಾಗಲ್ವಾ?" ಎಂದು ಕೇಳಿ ಕೇಳಿ ಸಾಕಾದ ಹೆಂಡತಿ, ಈ ಭಾನುವಾರ ತಾನೇ ಬಣ್ಣ ಬಳಿಯುವವನನ್ನು ಕರೆಸಿದಳು. ಜಗಲಿಯ ಮೇಲೆ ಮೇಷ್ಟ್ರ ತಾಯಿ ಕೂತಿದ್ದರು. ಮರೆವಿನ ಕಾಯಿಲೆಯಲ್ಲಿ ಅವರಿಗೆ ಮಗನ ಗುರುತೂ ಹೋಗಿದೆ, ಎಲ್ಲರೂ ಕರೆಯುವುದನ್ನು ಕೇಳಿ ಅವರೂ ಹಾಗೇ ಕರೆಯುತ್ತಾರೆ. "ಮೇಷ್ಟ್ರೇ," ಎಂದರು, ದಿನವೂ ಕೇಳುವಂತೆ, "ಆ ಗೇಟು ಯಾಕೆ ಹಾಗೆ ಕೆಂಪಗಾಗಿದೆ?" ಮೇಷ್ಟ್ರು ಪಕ್ಕದಲ್ಲಿ ಕುಳಿತು, ಕಬ್ಬಿಣ, ಗಾಳಿ, ನೀರು ಎಂದು ಮೊದಲಿನಿಂದ, ನಿಧಾನವಾಗಿ ಹೇಳಿದರು. ತಾಯಿ ತಲೆದೂಗಿದರು. ಆಮೇಲೆ ಮೇಷ್ಟ್ರು ಹೆಂಡತಿಯನ್ನು ಒಳಕ್ಕೆ ಕರೆದು ಮೆಲ್ಲಗೆ ಅಂದರು: "ಅವನನ್ನ ಕಳಿಸ್ಬಿಡೇ. ಗೇಟು ಹೊಸದಾಗ್ಬಿಟ್ರೆ ಅಮ್ಮ ನನ್ನ ಏನೂ ಕೇಳಲ್ಲ."