ಪದ್ದತ್ತೆಯ ಮಡಿ, ಕನ್ನಿಯಮ್ಮನ ಬಸಿರು

ಮೂಗಿನ ಕೆಳಗೆ ಹಿಡಿದ ಪುಟ್ಟ ಸೀಸೆಯಿಂದ ಹುಳಿತ ಬೆಲ್ಲದ ವಾಸನೆ ಬಡಿಯಿತು. ಅದರ ಹಿಂದೆಯೇ ಜಾಲಿ ತೊಗಟೆಯ ಒಗರು. "ಇದೇನೆಂದು ಮೊದಲು ಹೇಳಿದ ತಂಡಕ್ಕೆ ಹತ್ತು ಅಂಕ!" ಎಂದು ಬಿಳಿ ಟೋಪಿಯ ಗೈಡು ಇಂಗ್ಲಿಷಿನಲ್ಲಿ ಕೂಗಿದ. ಸುತ್ತ ನಿಂತ ಕಂಪ್ಯೂಟರ್ ಕಂಪನಿಯ ಮಕ್ಕಳು ವಿನೆಗರ್ ಎಂದರು, ಕೊಳೆತ ದ್ರಾಕ್ಷಿ ಎಂದರು, ಒಬ್ಬನಂತೂ ಬಿರಿಯಾನಿ ಮಸಾಲೆ ಎಂದ. ನಾನು ಒಂದು ಸಲ ಸೀನಿ, ಮೂಗು ಒರೆಸಿಕೊಂಡು, "ಸಾರಾಯಿ. ಇನ್ನೂ ಭಟ್ಟಿ ಇಳಿಸಿಲ್ಲ" ಎಂದೆ. ಎಲ್ಲರೂ ತಿರುಗಿ ನೋಡಿದರು. ಏಕಾದಶಿ ತಪ್ಪಿಸದ ಎಪ್ಪತ್ತೈದರ ಮುದುಕಿಗೆ ಈ ವಾಸನೆ ಹೇಗೆ ಗೊತ್ತು ಎಂದು ನೀವೂ ಹುಬ್ಬೇರಿಸುತ್ತಿದ್ದೀರಿ ತಾನೆ? ಏರಿಸಿ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಮದರಾಸಿನಲ್ಲಿ ಪಾನನಿಷೇಧವಿದ್ದ ಕಾಲದ ಕಳ್ಳಸಾರಾಯಿಯ ಜಾಡು ಹಿಡಿದು ಪ್ಯಾರೀಸ್ ಕಾರ್ನರಿನ ಗಲ್ಲಿಗಳಲ್ಲಿ ನಿಧಿ ಹುಡುಕುವುದು ಈಗಿನವರ ಭಾನುವಾರದ ಆಟ. ಒಂದೊಂದು ನಿಲ್ದಾಣದಲ್ಲೂ ಒಂದು ಒಗಟು. ಬಿಡಿಸಿದರೆ ಮುಂದಿನ ಜಾಗದ ಸುಳಿವು. ಕೊನೆಗೆ ಗೆದ್ದ ತಂಡಕ್ಕೆ ಬೀಗ ಹಾಕಿದ ಪೆಟ್ಟಿಗೆ. ತಮ್ಮನ ಮೊಮ್ಮಗಳು ಶ್ರಾವ್ಯಾ ಶೋಳಿಂಗನಲ್ಲೂರಿನ ಆಫೀಸಿನ ಗುಂಪಿನ ಜೊತೆ ಹೊರಟಿದ್ದಳು. "ಅಜ್ಜೀ, ನೀಂಗಳುಂ ವಾಂಗೊ, ಸೂಪರಾ ಇರುಕ್ಕುಂ" ಎಂದು ನನ್ನನ್ನೂ ಕರೆದಳು. ಈ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಮಾತ್ರ ತಮಿಳೇ ಬರುತ್ತದೆ. ನಾನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಟೆ.

ಹೊರಡಲು ಕಾರಣ ಆಟವಲ್ಲ. ಹಿಂದಿನ ದಿನ ವೇಲಚೇರಿಯಿಂದ ನನ್ನ ತಮ್ಮ ಗುರು ಫೋನು ಮಾಡಿದ್ದ. ಆಟದ ಜಾಹೀರಾತಿನಲ್ಲಿ ನಮ್ಮ ಹಳೇ ಬಾಡಿಗೆ ಮನೆಯ ಚಿತ್ರ, ಅದರ ಕೆಳಗೆ 'ಸಾರಾಯಿ ಮಾಮಿಯ ಕಥೆ' ಎಂಬ ಬರಹ ನೋಡಿ ಅವನ ರಕ್ತದೊತ್ತಡ ಏರಿತ್ತು. "ಅಕ್ಕಾ, ಹೇಗೂ ಹೋಗ್ತಿದೀಯಲ್ಲ, ಅದು ನಮ್ಮನೆ ಅಲ್ಲ ಅಂತ ಹೇಳಿಬಿಡು. ಆ ಕಥೆ ತೆಗೆಸಿಬಿಡು. ಮರ್ಯಾದೆ ಪ್ರಶ್ನೆ" ಎಂದ. "ಆಗಲಿ, ನೋಡೋಣ" ಎಂದೆ. ನಮ್ಮ ಮನೆತನದಲ್ಲಿ ಹಾಗೆಂದರೆ ಆಗುವುದಿಲ್ಲ ಎಂದೇ ಅರ್ಥ. ಗುರುವಿಗೆ ಅದು ಗೊತ್ತಿರಬೇಕಿತ್ತು.

ಆ ಮನೆಯಲ್ಲಿ ಅಪ್ಪ, ಅಮ್ಮ, ನಾವಿಬ್ಬರು, ಮತ್ತು ಅಪ್ಪನ ಅಕ್ಕ ಪದ್ದತ್ತೆ ಇದ್ದೆವು. ಪದ್ದತ್ತೆ ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡವಳು. ಮನೆಯವರೆಲ್ಲ ಸೇರಿ ಅವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆ ಒಪ್ಪಿಸಿದ್ದರು. ಅಲ್ಲಿಂದ ಮುಂದೆ ಅವಳಿಗೆ ಉಳಿದ ಆಸ್ತಿ ಎಂದರೆ ಮಡಿ ಒಂದೇ. ಅದನ್ನು ಅವಳು ಆಳಿದಳು. ಸೂರಿನ ಬಿದಿರಿನ ಮೇಲೆ ಒಣಗುವ ಸೀರೆಯನ್ನು ಕೋಲಿನಿಂದಲೇ ಇಳಿಸಬೇಕು. ಅವಳು ಅಡುಗೆಗೆ ನಿಂತಾಗ ಸ್ನಾನವಿಲ್ಲದೆ ಅಡುಗೆಮನೆಯ ಹೊಸ್ತಿಲು ದಾಟಿದರೆ ಸೌಟು ಹಾರಿಬರುತ್ತಿತ್ತು. ಪಿಯುಸಿ ಓದುತ್ತಿದ್ದ ನಾನು ಆ ಹೊಸ್ತಿಲಾಚೆ ನಿಂತು ಕಾಫಿಗೆ ಗೋಗರೆದಷ್ಟು ದೇವರನ್ನೂ ಗೋಗರೆದಿಲ್ಲ.

ಹಿತ್ತಲ ಗೋಡೆಯಾಚೆ ಒಂದು ಓಣಿ, ಹುಳಿತ ಬೆಲ್ಲದ ವಾಸನೆ ಅಲ್ಲಿಂದ ದಿನವೂ ಗೋಡೆ ಹಾರಿ ಬರುತ್ತಿತ್ತು. ಅಲ್ಲಿ ರಾತ್ರಿ ಏನು ಕುದಿಯುತ್ತದೆ ಎಂದು ಬೀದಿಗೆಲ್ಲ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಆ ಓಣಿಯ ಕನ್ನಿಯಮ್ಮ ನಮಗೆ ಬಾಳೆಲೆ ತರುತ್ತಿದ್ದಳು. ಅವಳ ಗಂಡನ ಕಾಲು ಬಂದರಿನಲ್ಲಿ ಮೂಟೆಯಡಿ ಜಜ್ಜಿಹೋಗಿತ್ತು. ಎಲೆಯನ್ನು ಹಿತ್ತಲ ಮೆಟ್ಟಿಲ ಮೇಲಿಟ್ಟು ದೂರ ಸರಿಯಬೇಕು, ಪದ್ದತ್ತೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳಬೇಕು, ಅದು ಪದ್ಧತಿ. ಕನ್ನಿಯಮ್ಮ ಬಸುರಿಯಾದಾಗ ಪದ್ದತ್ತೆ ಕರಗಿಹೋದಳು. ಕೋಡುಬಳೆ, ಮಿಡಿ ಉಪ್ಪಿನಕಾಯಿ, ಹುಳಿಯನ್ನ, ಬಸುರಿಯ ಬಯಕೆಗೆ ಏನೇನು ಬೇಕೋ ಎಲ್ಲವನ್ನೂ ಶುಕ್ರವಾರ ಶುಕ್ರವಾರ ಮಾಡಿ ಮೇಲಿಂದ ಅವಳ ಸೆರಗಿಗೆ ಹಾಕಿದಳು. ದೀಪಾವಳಿ ಹೋಗಿ ಯುಗಾದಿ ಬಂತು, ಯುಗಾದಿ ಹೋಗಿ ಮತ್ತೆ ದೀಪಾವಳಿ ಬಂತು, ಕನ್ನಿಯಮ್ಮ ಏಳು ತಿಂಗಳಿಗಿಂತ ಮುಂದಕ್ಕೆ ಹೋಗಲಿಲ್ಲ.

ಒಂದು ದಿನ ಮೆಟ್ಟಿಲ ಬಳಿ ಬಗ್ಗಿದಾಗ ಅವಳ ಬಸಿರು ಜಾರಿ ಕಾಲ ಬಳಿ ಬಿತ್ತು. ಫುಟ್‌ಬಾಲಿನ ಬ್ಲಾಡರು, ಒಳಗೆ ಗಳಗಳ ಸಾರಾಯಿ. ಪದ್ದತ್ತೆ ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗಲೇ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾರಾಯಿತಿ, ನನ್ನ ಕೋಡುಬಳೆಯೆಲ್ಲ ಯಾರು ತಿಂದದ್ದೇ?"

"ವೀಟ್ಟುಲೆ ಮೂಣು ಪುಳ್ಳೈಂಗ ಇರುಕ್ಕುದಮ್ಮಾ" ಎಂದಳು ಕನ್ನಿಯಮ್ಮ, ತಲೆ ಎತ್ತದೆ. ಮನೆಯಲ್ಲಿ ಮೂರು ಮಕ್ಕಳು.

ಪದ್ದತ್ತೆ ಬಾಳೆಲೆ ಎತ್ತಿಕೊಂಡು ಒಳಗೆ ಹೋದಳು. ಆ ಶುಕ್ರವಾರವೂ ಕೋಡುಬಳೆ ಮಾಡಿದಳು, ಮೂರು ಮಕ್ಕಳಿಗೆ ಸಾಲುವಷ್ಟು.

ಪೊಲೀಸರು ಓಣಿಗೆ ನುಗ್ಗಿದ್ದು ಒಂದು ಬೆಳಿಗ್ಗೆ. ಕನ್ನಿಯಮ್ಮ ಹಿತ್ತಲ ಗೋಡೆ ಹಾರಿ, ಹೊಟ್ಟೆ ಹಿಡಿದುಕೊಂಡು ನಮ್ಮ ಮೆಟ್ಟಿಲಿಗೆ ಬಂದಳು. ಸಿಕ್ಕರೆ ಜೈಲು, ಮಕ್ಕಳಿಗೆ ಗಂಜಿಯಿಲ್ಲ. ಪದ್ದತ್ತೆ ಒಲೆಯ ಮುಂದಿದ್ದವಳು ಎದ್ದು ಬಂದು ಅವಳ ರಟ್ಟೆ ಹಿಡಿದಳು. ಮುಟ್ಟಿದಳು! ನನ್ನನ್ನೇ ಮುಟ್ಟದವಳು ಅವಳನ್ನು ಎಳೆದುಕೊಂಡು ಹೊಸ್ತಿಲು ದಾಟಿಸಿ, ಮಡಿ ಸೀರೆ ಹೊದಿಸಿ, ದೇವರ ಗೂಡಿನ ಪಕ್ಕ ಕೂರಿಸಿದಳು. ಆಮೇಲೆ, ಸಾರಾಯಿಯ ವಾಸನೆ ಅಡಗುವಂತೆ, ಸಾರಿಗೆ ಒಗ್ಗರಣೆ ಹಾಕಿದಳು. ಆ ಇಂಗಿನ ಘಾಟಿಗೆ ಹಡಗೇ ದಿಕ್ಕು ತಪ್ಪಬೇಕಿತ್ತು.

ಮೀಸೆಯ ಇನ್ಸ್‌ಪೆಕ್ಟರು ಹೊಸ್ತಿಲಿಗೆ ಬಂದು, "ಉಳ್ಳೆ ಯಾರು?" ಎಂದ. ಪದ್ದತ್ತೆ ಸೌಟು ಹಿಡಿದೇ ಎದುರು ನಿಂತಳು. "ಉಳ್ಳೆ ಸಾಮಿ ಇರುಕ್ಕಾರ್. ಮಡಿ! ನೀ ಕಾಲೆ ವೆಚ್ಚಾ ನಾನುಂ ಕುಳಿಕ್ಕಣುಂ, ಸಾಮಿಯುಂ ಕುಳಿಕ್ಕಣುಂ." ಒಳಗೆ ದೇವರಿದ್ದಾನೆ, ನೀನು ಕಾಲಿಟ್ಟರೆ ನಾನೂ ಮೀಯಬೇಕು, ಅವನೂ ಮೀಯಬೇಕು. ಇನ್ಸ್‌ಪೆಕ್ಟರು ಬೂಟನ್ನು ನೋಡಿಕೊಂಡ, ಅವಳ ಬೋಳು ತಲೆ ನೋಡಿದ, ಕೈಮುಗಿದು ಹಿಂದೆ ಸರಿದ.

ಸಂಜೆ ಅಪ್ಪ ಆಫೀಸಿನಿಂದ ಬಂದು ವಿಷಯ ತಿಳಿದು ಚಪ್ಪಲಿ ಬಿಡದೆಯೇ ಬಾಗಿಲಲ್ಲಿ ನಿಂತರು. ಮನೆ ಮೈಲಿಗೆಯಾಯಿತು, ಪುಣ್ಯಾಹವಾಗಬೇಕು, ಅಲ್ಲಿಯವರೆಗೆ ಪದ್ದಕ್ಕ ಒಲೆ ಮುಟ್ಟಕೂಡದು ಎಂದರು. ಪದ್ದತ್ತೆ ಗೋಡೆಗೆ ಒರಗಿ ಕೂತಿದ್ದಳು.

"ಮಡಿ ನಾನು ಕೇಳಿದ್ದಾ ಕಣೋ? ನೀವೆಲ್ಲ ಸೇರಿ ನನ್ನ ತಲೆ ಮೇಲೆ ಹೇರಿದ್ದು. ಇಷ್ಟು ವರ್ಷ ಹೊತ್ತೆ. ಇವತ್ತೊಂದು ದಿನ ಅದು ನನ್ನ ಉಪಯೋಗಕ್ಕೆ ಬಂತು. ಪುಣ್ಯಾಹ ಬೇಕಿದ್ರೆ ನೀನು ಮಾಡಿಸ್ಕೋ. ನಾನಂತೂ ನಾಳೆ ಸ್ನಾನ ಮಾಡಿ ಒಲೆ ಹಚ್ಚೋಳೇ."

ಹಚ್ಚಿದಳು. ಮೊದಲ ಎಲೆಗೆ ಕೂತವಳು ನಾನು. ಅಪ್ಪ ಮಧ್ಯಾಹ್ನದವರೆಗೆ ಬಿಗುಮಾನದಿಂದಿದ್ದು, ಆಮೇಲೆ ಹಸಿವಿಗೆ ಸೋತರು. ಪುಣ್ಯಾಹ ನಡೆಯಲೇ ಇಲ್ಲ. ಆದರೆ ಆ ದಿನದ ಮಾತನ್ನು ಯಾರೂ ಎತ್ತಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಪದ್ದತ್ತೆ ಸತ್ತ ಹದಿಮೂರನೆಯ ದಿನ ಅವಳ ಚಕ್ಕುಲಿಯನ್ನು ಹೊಗಳಿದರು, ಮಡಿಯನ್ನು ಹೊಗಳಿದರು. ಇದನ್ನು ಹೇಳಲಿಲ್ಲ.

ಈ ಭಾನುವಾರ ಸೀಸೆ ಮೂಸಿದ ಮೇಲೆ ಕೊನೆಯ ನಿಲ್ದಾಣ ಅದೇ ಮನೆ. ಈಗ ಪ್ಲಾಸ್ಟಿಕ್ ಬಕೆಟ್ಟುಗಳ ಗೋದಾಮು. ಅಡುಗೆಮನೆಯ ಹೊಸ್ತಿಲು ಮಾತ್ರ ಹಾಗೇ ಉಳಿದಿದೆ. ನಮ್ಮ ತಂಡವೇ ಮುಂದಿತ್ತು. ಗೈಡು ನಾಟಕೀಯವಾಗಿ ಕೊನೆಯ ಪ್ರಶ್ನೆ ಓದಿದ: "ಹೆಸರು ತಿಳಿಯದ 'ಸಾರಾಯಿ ಮಾಮಿ' ಪೊಲೀಸರಿಂದ ಸರಕನ್ನು ಬಚ್ಚಿಟ್ಟದ್ದು ಯಾಕೆ? ಲಾಭದಲ್ಲಿ ಪಾಲಿಗೆ, ರೌಡಿಗಳ ಹೆದರಿಕೆಗೆ, ಇಲ್ಲಾ ಏನೆಂದು ತಿಳಿಯದೆ?" ಮಕ್ಕಳು ನಕ್ಕರು.

"ಮೂರೂ ಸುಳ್ಳು" ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಅವಳಿಗೆ ಹೆಸರಿದೆ. ಪದ್ಮಾವತಿ ಬಾಯಿ. ನಮ್ಮತ್ತೆ. ಬಚ್ಚಿಟ್ಟದ್ದು ಸರಕನ್ನಲ್ಲ, ಕನ್ನಿಯಮ್ಮನನ್ನು." ಆ ಹೊಸ್ತಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಯಾರೂ ಫೋನು ನೋಡಲಿಲ್ಲ.

ಗೈಡು ಕೆಟ್ಟವನಲ್ಲ. ಮುಂದಿನ ವಾರ ಸೇರಿಸುತ್ತೇನೆ, ಆದರೆ ಇವತ್ತಿನ ಆಟಕ್ಕೆ ಸರಿಯುತ್ತರ 'ಪಾಲಿಗೆ' ಎಂದಿದೆ, ಅದನ್ನೇ ಗುರುತು ಮಾಡಿದರೆ ಪೆಟ್ಟಿಗೆ ನಿಮ್ಮದು ಎಂದ. ಶ್ರಾವ್ಯಾ ಗೆಳೆಯರ ಮುಖ ನೋಡಿದಳು. ಆಮೇಲೆ ಚೀಟಿಯಲ್ಲಿದ್ದ ಮೂರು ಉತ್ತರಗಳನ್ನೂ ಹೊಡೆದುಹಾಕಿ, ಕೆಳಗೆ ಪದ್ದತ್ತೆಯ ಹೆಸರು ಬರೆದು ಕೊಟ್ಟಳು. ಪೆಟ್ಟಿಗೆ ಬೇರೆ ತಂಡಕ್ಕೆ ಹೋಯಿತು. ನಾವು ಬೀದಿ ಕೊನೆಯಲ್ಲಿ ಕಾಫಿ ಕುಡಿದೆವು.

ಸಂಜೆ ಸಾರು ಕುದಿಯುತ್ತಿದ್ದಾಗ ಗುರುವಿನ ಫೋನು. "ಹೇಳಿದ್ಯಾ, ನಮ್ಮನೆ ಅಲ್ಲ ಅಂತ?"

"ನಮ್ಮನೇ ಅಂತ ಹೇಳಿದೆ."

"ಮರ್ಯಾದೆ ಕಳೆದೆಯಲ್ಲೇ ಅಕ್ಕಾ!"

"ನಮ್ಮನೆಗೆ ಮರ್ಯಾದೆ ಬಂದಿದ್ದೇ ಅವತ್ತು ಕಣೋ."

ಅವನು ಫೋನಿಟ್ಟ. ಇಡಲಿ. ಫ್ಲ್ಯಾಟಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಪದ್ದತ್ತೆಯ ಅಳತೆಯಲ್ಲೇ ಇಂಗು ಹಾಕಿ ಒಗ್ಗರಣೆ ಕೊಟ್ಟೆ. ಇಡೀ ಮಹಡಿ ಘಮ್ಮೆಂದಿತು.