ರಬ್ಬರ್ ಮರದ ಕರು

ಮೊನ್ನೆ ಕುಂಬ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಬ್ಬರ್ ಶೀಟು ಹೇರಿದ ಜೀಪೊಂದು ಬಂದು ನಿಂತಿತು. ಆ ಹೊಗೆಯ, ಹುಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೂರ್ತೆಯವರು ಕಣ್ಣ ಮುಂದೆ ಬಂದರು.

ತಾಳೆಮರ ಹತ್ತಿ ಕಳ್ಳು ಇಳಿಸುವ ಮೂರ್ತೆ ಅವರ ಕಸುಬು, ಊರವರು ಕರೆಯುವ ಹೆಸರೂ ಅದೇ. ಪಾನನಿರೋಧ ಬಂದು ಅದು ನಿಂತುಹೋಗಿತ್ತು. ಅರವತ್ತರ ದಶಕದಲ್ಲಿ ಕೋಡಿಂಬಾಳದ ನನ್ನ ಹೊಸ ರಬ್ಬರ್ ತೋಟ ಹಾಲಿಗೆ ಬಂದಾಗ ಅವರನ್ನೇ ಕರೆದೆ. ಕಳ್ಳೆಂದರೆ ಮುಖ ತಿರುಗಿಸುವ ಬ್ಯಾರಿ ಮುಸಲ್ಮಾನರ ಮನೆಯವನು ನಾನು. ಊರವರು ತಮಾಷೆ ಮಾಡದೆ ಬಿಟ್ಟಾರೆಯೇ? ನಾನು ಕ್ಯಾರೇ ಎನ್ನಲಿಲ್ಲ. ಮರ ಕೆತ್ತಿ ರಸ ಇಳಿಸಲು ಬಲ್ಲವರಿಗೆ ರಬ್ಬರ್ ಯಾವ ಮಹಾ!

ಅವರೂ ಹಾಗೇ ಎಣಿಸಿದ್ದರು. ತಾಳೆಯ ಹೊಂಬಾಳೆಯನ್ನು ಬಡಿದು ಹದ ಮಾಡುವಂತೆ ರಬ್ಬರ್ ಮರವನ್ನೂ ಅದೇ ಎಲುಬಿನ ತುಂಡಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ಹೊಂಬಾಳೆಯನ್ನು ಬೆಳಿಗ್ಗೆ, ಸಂಜೆ ಕೆತ್ತದಿದ್ದರೆ ಒಸರು ಕಟ್ಟುತ್ತದೆ. ಹಾಗಾಗಿ ರಬ್ಬರನ್ನೂ ಎರಡು ಹೊತ್ತು ಕೆತ್ತಿದರು. ಮೊದಲಿಗೆ ಹಾಲು ಧಾರಾಳವಾಗಿ ಇಳಿಯಿತು. ನಾನೂ ಹಿಗ್ಗಿದೆ. ಪೇಟೆಯಲ್ಲಿ ಅಂಗಡಿ ಇಟ್ಟವನಲ್ಲವೇ, ಗಿರಾಕಿ ಬರುತ್ತಿರುವಾಗ ಬಾಗಿಲು ಹಾಕಲು ನನಗೂ ಗೊತ್ತಿರಲಿಲ್ಲ.

ಬರಬರುತ್ತ ಹಾಲು ಕಡಿಮೆಯಾಯಿತು. ಒಂದು ಬೆಳಿಗ್ಗೆ ನೋಡಿದರೆ ಹಾಲು ಹಿಡಿಯಲು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳೆಲ್ಲ ಖಾಲಿ... ನನಗೆ ಸಿಟ್ಟು ನೆತ್ತಿಗೇರಿತು.

"ನಾಳೆಯಿಂದ ಬರುದು ಬೇಡ. ಕೇರಳದಿಂದ ಜನ ತರಿಸ್ತೇನೆ," ಎಂದೆ.

ಎರಡನೇ ಸಲ ಅವರ ಕಸುಬು ಕೈತಪ್ಪುತ್ತಿತ್ತು. ಹೊರಟುಹೋದವರು ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದರು.

"ಸಾಹುಕಾರ್ರೇ, ನಾನು ಇದನ್ನು ತಾಳೆ ಅಂತ ತಿಳ್ಕೊಂಡದ್ದೇ ತಪ್ಪು. ಇದು ದನ ಮಾರಾಯ್ರೆ. ನಿನ್ನೆ ಹೆಂಡ್ತಿ ಹಾಲು ಕರೆಯುವಾಗ ಗೊತ್ತಾಯ್ತು. ಕರುವಿಗೆ ಬಿಡದೆ ಹಿಂಡಿದ್ರೆ ಎಂತ ಉಳೀತದೆ? ಸ್ವಲ್ಪ ಸಮಯ ಬಿಟ್ಟು ನೋಡುವ."

"ಮರಕ್ಕೆ ಎಂತ ಕರು?"

"ಅದಕ್ಕೂ ಒಂದು ಹೊಟ್ಟೆ ಉಂಟಲ್ಲ?"

ಬಿಟ್ಟೆವು. ಮಳೆಗಾಲ ಕಳೆದ ಮೇಲೆ ಹೆಚ್ಚಿನ ಮರಗಳಿಗೆ ಹಾಲು ಮರಳಿತು. ಮತ್ತೆ ದಿನ ಬಿಟ್ಟು ದಿನ ಕೆತ್ತಿದರು. ಕಣ್ಣು ಮಂಜಾಗುವವರೆಗೂ ಅವರೇ ಕೆತ್ತಿದರು. ಹೊಸದನ್ನು ನಾವೆಲ್ಲ ಗೊತ್ತಿರುವುದರಿಂದಲೇ ಅಳೆಯುತ್ತೇವೆ, ಬೇರೆ ಅಳತೆ ಎಲ್ಲಿಂದ ತರೋಣ? ಅಳತೆ ತಪ್ಪಿದ್ದು ಕಂಡಾಗ ಅವರು ಹಟ ಹಿಡಿಯಲಿಲ್ಲ, ಇನ್ನೊಂದನ್ನು ಹುಡುಕಿದರು. ಆಮೇಲೆ ನಾನೂ ಅದನ್ನೇ ಮಾಡಿದೆ, ಕೆಟ್ಟದ್ದಾಗಲಿಲ್ಲ.

ಈಗ ಕೆಲಸಕ್ಕೆ ಬರುವವರು ನುರಿತವರು. ತಪ್ಪು ಮಾಡುವುದಿಲ್ಲ, ಮಾತೂ ಆಡುವುದಿಲ್ಲ. ನನಗೆ ಮಾತ್ರ ಆ ಮನುಷ್ಯನೇ ಬೇಕೆನಿಸುತ್ತದೆ... ಬರಬೇಡಿ ಎಂದರೂ ಮರುದಿನ ಬಂದು ನಿಂತವರು, ಈಗ ಎಷ್ಟು ಕರೆದರೂ ಬರುವುದಿಲ್ಲ.