ಕುಂತು ಕೊಡುವ ಅಳತೆ

ಶಹಾಬಾದದ ಕಲ್ಲಿನ ಖಣಿಯಲ್ಲಿ ದುಡಿಯುವ ಗಂಡಸು ನಿಲ್ಲುವುದು ಕಡಿಮೆ. ದಿನವೆಲ್ಲ ಕುಕ್ಕರಗಾಲಿನಲ್ಲೇ ಇರುತ್ತಾನೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪದರ ಹುಡುಕಿ, ಉಳಿ ಇಟ್ಟು, ಸುತ್ತಿಗೆ ಬೀಸುವಾಗ ಅವನ ಮೊಣಕಾಲುಗಳು ಎದೆಗೆ ತಾಗಿರುತ್ತವೆ. ಅದಕ್ಕೇ ಬಜಾರಿನ ಹಿಂದಿನ ಓಣಿಯ ದರ್ಜಿ ಅಮೀರ್ ಅಲಿ, ಖಣಿಯವರು ಒಳಚಡ್ಡಿ ಹೊಲಿಸಲು ಬಂದರೆ ನಿಲ್ಲಿಸಿ ಅಳತೆ ತೆಗೆದವನಲ್ಲ.

"ಕುಂದ್ರು" ಎನ್ನುತ್ತಿದ್ದ. ಅಂಗಡಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರೆ ಮಾತ್ರ ಟೇಪು ಕೈಗೆ ಬರುತ್ತಿತ್ತು. "ನಿಂತಾಗ ಎಲ್ಲಾರ ತೊಡಿನೂ ಸಾವುಕಾರರ ತೊಡಿನೇ. ಕುಂತಾಗ ಖರೇ ಗೊತ್ತಾಗ್ತದ."

ಭೀಮಶ್ಯಾ ಮೀಸೆ ಬರುವ ಮೊದಲೇ ಅಲ್ಲಿ ಕೂತು ಅಳತೆ ಕೊಟ್ಟವನು. ನೀಲಿ ಪಟ್ಟೆಯ ಹತ್ತಿ ಬಟ್ಟೆ, ಸೊಂಟಕ್ಕೆ ಲಾಡಿ, ತೊಡೆಸಂದಿಗೆ ಚೌಕದ ತುಂಡು ಜೋಡಿಸಿ ಬಿಟ್ಟ ಸಡಿಲು, ಲಾಡಿಯ ತುದಿಗೆ ಎಳೆ ಬಿಚ್ಚದಂತೆ ಕೆಂಪು ನೂಲಿನ ಗಂಟು. ನಾಲ್ಕು ಸಲ ಒಗೆದ ಮೇಲೆ ಅದು ಮೈಮೇಲೆ ಇದೆಯೆಂಬುದೇ ಮರೆತುಹೋಗುತ್ತಿತ್ತು. ಒಳಗೆ ಹಾಕುವ ಬಟ್ಟೆಯಿಂದ ಇನ್ನೇನು ಬೇಕು? ಅದು ನೆನಪಿಗೆ ಬರದಿದ್ದರೆ ಸಾಕು.

ಖಣಿ ಕೂಲಿಗಾರರ ಸಂಘದ ಪಾದಯಾತ್ರೆ ಎಂದರೆ ಬ್ಯಾನರಿನ ಬಲಗೋಲು ಭೀಮಶ್ಯಾನದು. ಯಾರೂ ಬರೆದುಕೊಟ್ಟ ಹಕ್ಕಲ್ಲ. ಒಂದೇ ಕಟ್ಟಳೆ: ಹೊರಡುವಾಗ ಎತ್ತಿದವನು ಊರು ಮುಟ್ಟುವ ತನಕ ಗೋಲನ್ನು ಇನ್ನೊಬ್ಬರಿಗೆ ಕೊಟ್ಟು ಕೈ ಬದಲಿಸಬಾರದು. ಕೈ ಬದಲಿಸಿದವನಿಗೆ ಮುಂದಿನ ಸಲ ಗೋಲು ಸಿಗುವುದಿಲ್ಲ. ಭೀಮಶ್ಯಾನಿಗೆ ಹೊಲ ಇಲ್ಲ, ಓದು ಇಲ್ಲ, ಓಣಿಯಲ್ಲಿ ತಲೆ ಎತ್ತಿ ನಡೆಯಲು ಇದ್ದದ್ದು ಆ ಬಿದಿರಿನ ಗೋಲು. ಪೊಲೀಸರ ಲಾಠಿ ಬಿದ್ದಾಗಲೂ ಬಿಟ್ಟಿರಲಿಲ್ಲ. ಅವತ್ತು ಎಡಗೋಲು ಹಿಡಿದು ಅವನ ಪಕ್ಕದಲ್ಲೇ ಹೊಡೆತ ತಿಂದವನು ದೇವಿಂದ್ರ.

ದೇವಿಂದ್ರನಿಗೆ ನಾಲಿಗೆ ಚೆನ್ನಾಗಿತ್ತು. ಸಂಘದ ಕಾರ್ಯದರ್ಶಿಯಾದ, ಉಳಿ ಬಿಟ್ಟ, ವಾಡಿಯ ಸ್ಟೇಷನ್ ರೋಡಿನಲ್ಲಿ ಗಂಡಸರ ಬಟ್ಟೆ ಅಂಗಡಿ ಇಟ್ಟ. ಯಾರಿಗೂ ಹೊಟ್ಟೆಕಿಚ್ಚು ಆಗಲಿಲ್ಲ. ನಮ್ಮವನೊಬ್ಬ ಗಲ್ಲೆಯ ಮೇಲೆ ಕೂತ ಎಂದು ಓಣಿಗೆ ಓಣಿಯೇ ಹಿಗ್ಗಿತು.

ಒಂದು ಭಾನುವಾರ ಓಣಿಯ ಬುದ್ಧವಿಹಾರದಲ್ಲಿ ವಂದನೆ ಮುಗಿದ ಮೇಲೆ ಅವನು ಎದ್ದು ನಿಂತ. "ಬಾಬಾಸಾಹೇಬರು ಸೂಟು ಯಾಕ ಹಾಕಿದ್ರು? ನಾವು ಇನ್ನಾ ಅಪ್ಪನ ಕಾಲದ ಲಾಡಿ ಬಿಗಿಲಿಕತ್ತೀವಿ. ಸ್ವಾಭಿಮಾನ ಒಳಗಿಂದ ಸುರು ಆಗ್ಬೇಕು. ಪಟ್ಟಿ ಚಡ್ಡಿ ಬಿಸಾಕ್ರಿ."

ಜನ ನಕ್ಕರು. ನಕ್ಕವರೇ ವಾಡಿಗೆ ಹೋದರು. ಭೀಮಶ್ಯಾನೂ ಹೋದ.

"ಒಂದೀಟು ಹಾಕ್ಕೊಂಡು ಕುಂತು ನೋಡ್ಲೇನೋ?" ಎಂದು ಎಲಾಸ್ಟಿಕ್ಕಿನ ಕಂಪನಿ ಚಡ್ಡಿಯ ಡಬ್ಬಿ ಹಿಡಿದು ಕೇಳಿದ.

"ಹುಚ್ಚ ಇದ್ದೀಯೇನ್? ಒಳಗಿಂದು ಹಾಕಿ ನೋಡಲಿಕ್ಕ ಯಾರ್ ಕೊಡ್ತಾರ? ನಂಬರ್ ಹೇಳು."

"ನಂಬರ್ ನಂಗೇನ್ ಗೊತ್ತು? ಅಮೀರ್ ಚಾಚಾಗ ಗೊತ್ತದ."

ದೇವಿಂದ್ರ ಅವನ ಸೊಂಟ ನೋಡಿದ, ಹಿಂದಿನ ಕಪಾಟು ನೋಡಿದ. "ತೊಂಬತ್ತು ಬರೋಬ್ಬರಿ ಆಗ್ತದ."

"ತೊಡಿ ಭಾಳ ದಪ್ಪ ಅವಲ್ಲೋ ನಂದು."

"ಕಂಪನಿ ಮಾಲಪಾ, ಹಿಗ್ತದ. ನಾನೂ ಇದೇ ಹಾಕ್ತೀನಿ."

ಪಕ್ಕದಲ್ಲಿ ಲಾಠಿ ತಿಂದವನು ಹೇಳಿದ ಮೇಲೆ ಭೀಮಶ್ಯಾ ಮತ್ತೇನೂ ಕೇಳಲಿಲ್ಲ. ಮೈಮೇಲಿನದೊಂದು ಬಿಟ್ಟು ಹಳೆಯ ಚಡ್ಡಿಗಳನ್ನೆಲ್ಲ ಖಣಿಯ ಯಂತ್ರದ ಎಣ್ಣೆ ಒರೆಸಲು ಕೊಟ್ಟುಬಿಟ್ಟ. ಹೊಸದನ್ನು ಮುಟ್ಟದೆ ಪಾದಯಾತ್ರೆಗೆಂದು ಎತ್ತಿಟ್ಟ. ಬಾಬಾಸಾಹೇಬರ ಜಯಂತಿಗೂ ಪಾದಯಾತ್ರೆಗೂ ಹೊಸ ಬಟ್ಟೆಯಾಗಬೇಕು ಎಂಬುದು ಆ ಓಣಿಯ ರೂಢಿ.

"ಎರಡ್ ದಿನ ಹಾಕಿ ನೋಡು, ಆಮ್ಯಾಲೆ ಅಷ್ಟು ದೂರ ನಡಿ" ಎಂದಳು ಹೆಂಡತಿ ತುಳಜಾಬಾಯಿ. "ಹೊಸಾ ಎತ್ತಿನ ಹೆಗಲರ ನೋಡ್ತಾರ, ನಿನ್ ತೊಡಿ ಯಾರ್ ನೋಡ್ಬೇಕು?"

"ನೀ ನೋಡೀದಿ ಸಾಕು ಬಿಡು" ಎಂದು ಹೊರಟ.

ಆ ಸಲದ ಪಾದಯಾತ್ರೆ ಶಹಾಬಾದದಿಂದ ಚಿತ್ತಾಪುರದ ತಾಲೂಕು ಕಚೇರಿಗೆ, ವಾಡಿಯ ಮೇಲೆ ಹಾದು. ಊರು ದಾಟುವುದರೊಳಗೆ ಎಲಾಸ್ಟಿಕ್ ಸುರುಳಿ ಸುತ್ತಿ ಸೊಂಟ ಕೊರೆಯತೊಡಗಿತು. ಬೆವರು ಇಳಿಯಿತು. ತೊಡೆಸಂದಿಯ ಹೊಲಿಗೆ ಹಗ್ಗದಂತೆ ಬಿಗಿದು ಹೆಜ್ಜೆಹೆಜ್ಜೆಗೂ ಚರ್ಮ ಕಿತ್ತಿತು. ವಾಡಿ ಹತ್ತಿರವಾದಂತೆ ಸಿಮೆಂಟ್ ಕಾರ್ಖಾನೆಯ ಧೂಳು ಬೇರೆ. ಭೀಮಶ್ಯಾ ಕಾಲು ಅಗಲಿಸಿ ನಡೆದ.

"ಯಾಕೋ ಮಾಮಾ, ಬಾಣಂತಿ ನಡದಂಗ ನಡಿಲಿಕತ್ತೀದಿ?" ಎಂದಳು ಹಿಂದಿನ ಸಾಲಿನ ಹುಡುಗಿ ಕರುಣಾ. "ಹಡದದ್ದು ಗಂಡೋ ಹೆಣ್ಣೋ?" ಸಾಲಿಗೆ ಸಾಲೇ ನಕ್ಕಿತು.

ದೇವಿಂದ್ರ ಮೈಕು ಇಳಿಸಿ ಹತ್ತಿರ ಬಂದ. "ವಯಸ್ಸಾತು ಭೀಮಶ್ಯಾ. ಗೋಲು ಯಾರರ ಹುಡುಗರಿಗಿ ಕೊಡು."

ಭೀಮಶ್ಯಾ ಗೋಲನ್ನು ಇನ್ನಷ್ಟು ಬಿಗಿಹಿಡಿದ.

ವಾಡಿಯಲ್ಲಿ ಊಟ ದೇವಿಂದ್ರನ ಮನೆಯಲ್ಲಿ. ಊಟದ ಹೊತ್ತಿಗೆ ಬ್ಯಾನರನ್ನು ಗೋಡೆಗೆ ಒರಗಿಸಬಹುದು, ಅದು ಕೈ ಬದಲಿಸಿದಂತಲ್ಲ. ಎಲ್ಲರೂ ಪಂಕ್ತಿಯಲ್ಲಿ ಕೂತರು. ಕೂಡಲಾಗದ ಭೀಮಶ್ಯಾ ಗಾಯ ತೊಳೆದುಕೊಳ್ಳಲು ಹಿತ್ತಲಿಗೆ ಹೋದ.

ಹಿತ್ತಲಿನ ತಂತಿಯ ಮೇಲೆ ಮೂರು ಚಡ್ಡಿಗಳು ಒಣಗುತ್ತಿದ್ದವು. ನೀಲಿ ಪಟ್ಟೆ. ತೊಡೆಸಂದಿಗೆ ಚೌಕದ ತುಂಡು. ಲಾಡಿಯ ತುದಿಗೆ ಕೆಂಪು ನೂಲಿನ ಗಂಟು. ಬಟ್ಟೆಯ ಹೊಳಪು ಇನ್ನೂ ಹೋಗಿರಲಿಲ್ಲ.

ಅವನು ಒಂದು ಲಾಡಿಯ ಗಂಟನ್ನು ಬೆರಳಲ್ಲಿ ಹಿಡಿದು ನೋಡಿದ. ಹುಡುಕುತ್ತ ಬಂದ ದೇವಿಂದ್ರನ ಕೈಯಲ್ಲಿ ಊಟದ ತಾಟಿತ್ತು.

"ಇವು ಯಾರವು?"

"ನಮ್ಮಪ್ಪಂದು."

"ನಿಮ್ಮಪ್ಪಗ ನಾನೇ ಹೆಗಲ ಕೊಟ್ಟೀನಿ, ಮಸಣಕ್ಕ ಒಯ್ಯಾಗ."

ದೇವಿಂದ್ರ ತಾಟನ್ನು ಕಟ್ಟೆಯ ಮೇಲಿಟ್ಟ. "ದಿನಾ ಅಂಗಡ್ಯಾಗ ಕುಂದ್ರಾದು ಅದಪಾ. ಆ ಮಾಲ್ ನಂಗ ಕಚ್ತದ. ಏನ್ ಮಾಡ್ಲಿ? ವ್ಯಾಪಾರ ಬ್ಯಾರೆ, ಚಳವಳಿ ಬ್ಯಾರೆ."

"ಅಂಗಡ್ಯಾಗ ನಿಂತು ಮಾರಿದ್ರ ವ್ಯಾಪಾರ ಅಂತಿದ್ದೆ. ನೀ ವಿಹಾರದಾಗ ನಿಂತು ಮಾರೀದಿ."

ಭೀಮಶ್ಯಾ ತಂತಿಯಿಂದ ಒಂದು ಚಡ್ಡಿ ಎಳೆದುಕೊಂಡ.

"ಏ, ಅದು ನಂದು."

"ಹೌದು" ಎಂದ ಭೀಮಶ್ಯಾ. "ನಾನೂ ಇದೇ ಹಾಕ್ತೀನಿ."

ಕಳಚಿದ ಕಂಪನಿ ಮಾಲನ್ನು ತಾಟಿನ ಪಕ್ಕ ಇಟ್ಟು ಹೊರಗೆ ಬಂದು ಗೋಲು ಎತ್ತಿದ. ಚಡ್ಡಿ ಸಡಿಲಾಗಿತ್ತು, ಆದರೆ ಕಿತ್ತ ಚರ್ಮಕ್ಕೆ ಸಡಿಲಾದರೇನು, ಬಿಗಿಯಾದರೇನು? ಚಿತ್ತಾಪುರದ ತನಕ ಉರಿಯಿತು. ಗೋಲು ಮಾತ್ರ ಕೈ ಬದಲಿಸಲಿಲ್ಲ. ಕಚೇರಿಯ ಮುಂದೆ ದೇವಿಂದ್ರ ಮೈಕು ಹಿಡಿದು ಸ್ವಾಭಿಮಾನದ ಮಾತು ಎತ್ತಿದ. ಚಪ್ಪಾಳೆ ಬಿದ್ದವು. ಭೀಮಶ್ಯಾ ಬ್ಯಾನರು ಸುತ್ತಿ ಕರುಣಾಳ ಕೈಗಿಟ್ಟು, ಬಸ್ ನಿಲ್ದಾಣದ ಕಡೆ ಕಾಲೆಳೆದ.

ಮರುದಿನ ಅಮೀರ್ ಅಲಿಯ ಅಂಗಡಿಗೆ ಹೋದ. ಮುದುಕ ಹಳೆಯ ಚೀಲಕ್ಕೆ ಜಿಪ್ಪು ಕೂಡಿಸುತ್ತಿದ್ದ. ಗೋಡೆಗೆ ಒರಗಿಸಿದ ಪಟ್ಟೆ ಬಟ್ಟೆಯ ಥಾನಿನ ಮೇಲೆ ಧೂಳು ಕೂತಿತ್ತು.

"ಪಟ್ಟಿ ಚಡ್ಡಿ ಹೊಲಿಸ್ಲಿಕ್ಕ ಈಗ ದೇವಿಂದ್ರ ಮಾತ್ರ ಬರ್ತಾನ. ಯಾರಿಗೂ ಹೇಳಬ್ಯಾಡ ಅಂದಿದ್ದ, ಹೇಳಲಿಲ್ಲ" ಎಂದ, ಸೂಜಿಯಿಂದ ಕಣ್ಣೆತ್ತದೆ. "ನೀನರ ಬಂದು ಒಂದ್ ಮಾತು ಕೇಳಿದ್ಯಾ? ನಿಮ್ಮಪ್ಪನ ಕಾಲದಿಂದ ಬರ್ತಿದ್ದಿ. ಚಾಚಾ, ಇನ್ ಮ್ಯಾಲೆ ಬರಲ್ಲ ಅಂತ ಬಾಗಿಲಾಗ ನಿಂತಾದ್ರೂ ಹೇಳಬೇಕಿತ್ತು."

ಭೀಮಶ್ಯಾ ಚಪ್ಪಲಿ ಬಿಟ್ಟು ಒಳಗೆ ಬಂದ. "ಅಳತಿ ತಗೋ" ಎಂದ.

"ಕುಂದ್ರು."

ಭೀಮಶ್ಯಾ ಮೊಣಕಾಲು ಮಡಿಸಿದ. ಅರ್ಧಕ್ಕೆ ಇಳಿದವನು ಹಲ್ಲು ಕಚ್ಚಿ ಗೋಡೆ ಹಿಡಿದ. ಖಣಿಯಲ್ಲಿ ಬದುಕೆಲ್ಲ ಕೂತ ಹಾಗೆ ಕೂಡಲು ಅವನಿಂದ ಆಗಲಿಲ್ಲ.

ಅಮೀರ್ ಅಲಿ ಟೇಪನ್ನು ಕೊರಳಿಗೆ ಹಾಕಿಕೊಂಡು ಮತ್ತೆ ಜಿಪ್ಪಿನ ಕಡೆ ತಿರುಗಿದ. "ಗಾಯ ಮಾಯ್ಲಿ. ಆಮ್ಯಾಲೆ ಬಾ."